ಕೈಕೆಳಗೆ ಎಷ್ಟು ಜನ?

ಬೆಂಗಳೂರಿನ ಯಾವ ಗೃಹಪ್ರವೇಶಕ್ಕೆ ಹೋದರೂ ಸರಿ, ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಪಕ್ಕದ ಎಲೆಯ ಸಾಫ್ಟ್‌ವೇರ್ ಇಂಜಿನಿಯರಿಗೆ ಮೂರು ಪ್ರಶ್ನೆಗಳು ಬಿದ್ದಿರುತ್ತವೆ. ಯಾವ ಕಂಪನಿ, ಆಫೀಸು ಯಾವ ಕಡೆ, ಕೈಕೆಳಗೆ ಎಷ್ಟು ಜನ. ಸಂಬಳ ಎಷ್ಟು ಎಂದು ಬಾಯಿಬಿಟ್ಟು ಕೇಳಬಾರದು ಎನ್ನುವುದನ್ನು ನಮ್ಮ ಹಿರಿಯರು ಈಚೆಗೆ ಕಷ್ಟಪಟ್ಟು ಕಲಿತಿದ್ದಾರೆ. ಆ ನಷ್ಟವನ್ನು ಮೂರನೆಯ ಪ್ರಶ್ನೆ ತುಂಬಿಕೊಡುತ್ತದೆ. ಹನ್ನೆರಡು ಜನ ಎಂದರೆ ಪರವಾಗಿಲ್ಲ, ದಡ ಸೇರಿದ್ದಾನೆ. ಇಪ್ಪತ್ತೈದು ಎಂದರೆ ಮನೆಯಲ್ಲಿರುವ ತಮ್ಮನ ಜಾತಕವನ್ನೂ ಕೇಳಿ ನೋಡಬಹುದು. ಬ್ಯಾಂಕಿನ ಹಣ ಪಾವತಿ ವ್ಯವಸ್ಥೆಯ ಒಳಹೊರಗನ್ನೆಲ್ಲ ಬಲ್ಲ, ಹದಿನೈದು ವರ್ಷ ಅನುಭವವಿರುವ ಒಬ್ಬಾಕೆ ‘ನನ್ನ ಕೈಕೆಳಗೆ ಯಾರೂ ಇಲ್ಲ, ನಾನೇ ಕೋಡ್ ಬರೀತೀನಿ’ ಎಂದುಬಿಟ್ಟರೆ ಮಾತ್ರ ಕೇಳಿದವರಿಗೆ ಕಸಿವಿಸಿ. ‘ಇರಲಿ ಬಿಡಿ, ಮುಂದೆ ಆಗುತ್ತೆ’ ಎಂದು ಸಮಾಧಾನ ಹೇಳಿ ಕೋಸಂಬರಿಯ ಕಡೆ ತಿರುಗುತ್ತಾರೆ. ಈ ಸಮಾಧಾನದ ಹಿಂದೆ ಇರುವ ನಂಬಿಕೆ ಪಂಕ್ತಿಯಲ್ಲಿ ಕೂತವರದು ಮಾತ್ರವಾಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಕಂಪನಿಗಳದೂ ಅದೇ ನಂಬಿಕೆ. ಚೆನ್ನಾಗಿ ಕೋಡ್ ಬರೆದವರಿಗೆ ಬಹುಮಾನವಾಗಿ ಜನರನ್ನು ಕೊಡುವುದು, ಜನ ಬಂದ ಮೇಲೆ ಕೋಡ್ ಬಿಡಿಸುವುದು ಅಲ್ಲಿಯ ಪದ್ಧತಿ. ಈ ಪದ್ಧತಿ ಎರಡು ಕೆಲಸಗಳನ್ನು ಒಂದೇ ಏಟಿಗೆ ಕೆಡಿಸುತ್ತದೆ ಎನ್ನುವುದು ನನ್ನ ವಾದ. ತಂಡ ನಡೆಸುವುದು ಬೇರೆಯೇ ಕಸುಬು. ಅಲ್ಲಿಗೆ ಹೋಗುವುದನ್ನು ಬಡ್ತಿ ಎಂದು ಲೆಕ್ಕ ಹಾಕುವುದನ್ನು ನಿಲ್ಲಿಸಿ, ಕೆಲಸ ಬದಲಾವಣೆ ಎಂದು ಲೆಕ್ಕ ಹಾಕಬೇಕು, ಸಂಬಳದ ಚೀಟಿಯಲ್ಲಿ ಕೂಡ.

ನಮ್ಮ ಮನೆಗಳಲ್ಲಿ ಇಂಜಿನಿಯರ್ ಎಂಬ ವ್ಯಕ್ತಿಯ ಚಿತ್ರ ಮೊದಲು ಮೂಡಿದ್ದು ಲೋಕೋಪಯೋಗಿ ಇಲಾಖೆಯಿಂದ. ಸಹಾಯಕ ಇಂಜಿನಿಯರ್, ಸಹಾಯಕ ಕಾರ್ಯಪಾಲಕ ಇಂಜಿನಿಯರ್, ಕಾರ್ಯಪಾಲಕ ಇಂಜಿನಿಯರ್, ಅಧೀಕ್ಷಕ ಇಂಜಿನಿಯರ್, ಮುಖ್ಯ ಇಂಜಿನಿಯರ್. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಆತ ಜಲ್ಲಿ ಸಿಮೆಂಟಿನಿಂದ ಒಂದು ಹೆಜ್ಜೆ ದೂರವಾಗಿ ಫೈಲಿಗೆ ಒಂದು ಹೆಜ್ಜೆ ಹತ್ತಿರವಾಗುತ್ತಾನೆ. ಬಿಸಿಲಲ್ಲಿ ನಿಲ್ಲುವವನು ಕಿರಿಯ, ಜೀಪಿನಲ್ಲಿ ಬಂದು ನೋಡಿ ಹೋಗುವವನು ಹಿರಿಯ. ಈ ಏಣಿಯ ತುದಿಯನ್ನೂ ದಾಟಿ ಹೋದ ಮಹನೀಯರೊಬ್ಬರು ನಮ್ಮಲ್ಲೇ ಇದ್ದಾರೆ. ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು, 1912ರಲ್ಲಿ ದಿವಾನರಾದರು. ಕನ್ನಡಿಗರ ನೆನಪಿನಲ್ಲಿ ಇದಕ್ಕಿಂತ ದೊಡ್ಡ ಬಡ್ತಿ ಇನ್ನೊಂದಿಲ್ಲ. ಮುಂಬೈ ಪ್ರಾಂತದ ಇಲಾಖೆಯಲ್ಲಿದ್ದಾಗ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆಯ ಹತ್ತಿರ ಖಡಕ್‌ವಾಸ್ಲಾ ಅಣೆಕಟ್ಟೆಯಲ್ಲಿ ಕೂತದ್ದು ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಗೊತ್ತು. ಉಳಿದವರಿಗೆ ಅವರು ಪೇಟ ಸುತ್ತಿದ ದಿವಾನರು. ಅತ್ಯುತ್ತಮ ಇಂಜಿನಿಯರೇ ಅತ್ಯುತ್ತಮ ಆಡಳಿತಗಾರ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಎರಡು ಕಸುಬನ್ನೂ ಕರಗತ ಮಾಡಿಕೊಂಡವರು ಶತಮಾನಕ್ಕೆ ಒಬ್ಬಿಬ್ಬರು ಸಿಗುತ್ತಾರೆ, ಒಪ್ಪೋಣ. ಹಾಡು, ಚಿತ್ರ ಎರಡೂ ಬಲ್ಲವರು ಸಿಕ್ಕರೆಂದು ಸಂಗೀತ ವಿದ್ವತ್ ಪರೀಕ್ಷೆ ಪಾಸಾದವರಿಗೆಲ್ಲ ಕುಂಚ ಕೊಡುವ ಪದ್ಧತಿಯನ್ನು ಯಾರೂ ಮಾಡಿಲ್ಲ.

ಸಾಫ್ಟ್‌ವೇರ್ ಕಂಪನಿಗಳಿಗೆ ಈ ಏಣಿ ಬಂದದ್ದು ಬರೀ ಇಲಾಖೆಯ ನೆನಪಿನಿಂದ ಎಂದರೆ ಅರ್ಧ ಸತ್ಯ. ಇನ್ನರ್ಧ ಶುದ್ಧ ಲೆಕ್ಕಾಚಾರ. ಹೊರದೇಶದ ಗ್ರಾಹಕರಿಗೆ ತಾಸಿನ ಲೆಕ್ಕದಲ್ಲಿ ಕೆಲಸ ಮಾಡಿಕೊಡುವ ಸೇವಾ ಕಂಪನಿಗಳ ಲಾಭ ನಿಂತಿರುವುದು ಪಿರಮಿಡ್ಡಿನ ಮೇಲೆ. ತಳದಲ್ಲಿ ಕಾಲೇಜಿನಿಂದ ಸಾಲಾಗಿ ಬಂದ ಫ್ರೆಶರ್‌ಗಳು, ನಡುವೆ ಲೀಡ್‌ಗಳು, ಮೇಲೆ ಬೆರಳೆಣಿಕೆಯ ಮ್ಯಾನೇಜರುಗಳು. ಗ್ರಾಹಕ ಕೋಡಿಂಗಿಗೆ ಕೊಡುವ ದರಕ್ಕೆ ಒಂದು ಮಿತಿ ಇದೆ. ಅನುಭವ ಹೆಚ್ಚಿದಂತೆ ಸಂಬಳ ಏರುತ್ತದೆ, ದರ ಅದೇ ವೇಗದಲ್ಲಿ ಏರುವುದಿಲ್ಲ. ಹೀಗಾಗಿ ಹದಿನೈದು ವರ್ಷದ ಕೋಡರ್ ಎಕ್ಸೆಲ್ ಹಾಳೆಯಲ್ಲಿ ಕೆಂಪು ಬಣ್ಣದಲ್ಲಿ ಕಾಣಿಸುತ್ತಾರೆ. ಅದೇ ವ್ಯಕ್ತಿಯ ಕೆಳಗೆ ಇಪ್ಪತ್ತು ಜನರನ್ನು ಇಟ್ಟು, ಆ ಇಪ್ಪತ್ತು ಜನರ ಬಿಲ್ಲಿಂಗಿನ ಮೇಲೆ ಇವರ ಸಂಬಳವನ್ನು ಹಂಚಿದರೆ ಕೆಂಪು ಮಾಯ. ‘ಮ್ಯಾನೇಜ್‌ಮೆಂಟಿಗೆ ಯಾವಾಗ ಬರ್ತೀರಿ?’ ಎಂದು ಅಪ್ರೈಸಲ್‌ನಲ್ಲಿ ಕೇಳುವಾತನ ದನಿಯಲ್ಲಿ ಪ್ರೀತಿಯೂ ಇರಬಹುದು, ಆದರೆ ಪ್ರಶ್ನೆ ಹುಟ್ಟಿದ್ದು ಆ ಹಾಳೆಯಲ್ಲಿ. ಪಂಕ್ತಿಯ ಹಿರಿಯರನ್ನು ಮೂಢರೆಂದು ನಗುವವರು ಇದನ್ನು ಗಮನಿಸಬೇಕು. ಅವರು ಕೇಳುತ್ತಿರುವುದು ಇಡೀ ಒಂದು ಉದ್ಯಮದ ಲೆಕ್ಕಪತ್ರ ಕೇಳುವ ಪ್ರಶ್ನೆಯನ್ನೇ.

ಅಮೆರಿಕ ಸರ್ಕಾರವೂ ಅದನ್ನೇ ಕೇಳುತ್ತದೆ. ಒಂದೇ ಕಂಪನಿಯ ಇಲ್ಲಿಯ ಕಚೇರಿಯಿಂದ ಅಲ್ಲಿಗೆ ವರ್ಗವಾಗಿ ಹೋಗುವವರಿಗೆ ಎಲ್-1 ಎಂಬ ವೀಸಾ ಇದೆ. ವಿಶೇಷ ತಾಂತ್ರಿಕ ಜ್ಞಾನವುಳ್ಳವರೆಂದು ಹೋದರೆ ಗರಿಷ್ಠ 5 ವರ್ಷ, ಮ್ಯಾನೇಜರ್ ಎಂದು ಹೋದರೆ 7 ವರ್ಷ. ಮುಂದೆ ಗ್ರೀನ್ ಕಾರ್ಡಿನ ವಿಷಯಕ್ಕೆ ಬಂದರೆ ಬಹುರಾಷ್ಟ್ರೀಯ ಕಂಪನಿಯ ಮ್ಯಾನೇಜರಿಗೆ ಮೊದಲ ಆದ್ಯತೆಯ ಸಾಲಿನಲ್ಲೇ ಜಾಗವಿದೆ. ಬರೀ ಇಂಜಿನಿಯರ್ ಆದವರು ಸಾಮಾನ್ಯವಾಗಿ ಭಾರತೀಯರ ಪಾಲಿಗೆ ಇನ್ನೂ ಬಹಳ ಉದ್ದವಾದ ಎರಡನೆಯ ಅಥವಾ ಮೂರನೆಯ ಸಾಲಿನಲ್ಲಿ ನಿಲ್ಲಬೇಕು. ಮ್ಯಾನೇಜರ್ ಎಂದು ಸಾಬೀತು ಮಾಡಲು ಅರ್ಜಿಯ ಜೊತೆ ಯಾರ ಕೆಳಗೆ ಯಾರಿದ್ದಾರೆ ಎಂಬ ನಕ್ಷೆ ಲಗತ್ತಿಸುವುದು ವಾಡಿಕೆ. ಜನರಿಲ್ಲದಿದ್ದರೂ ಕಂಪನಿಯ ಮುಖ್ಯ ವಿಭಾಗವೊಂದನ್ನು ನಡೆಸುವವರಿಗೆ ಕಾನೂನಿನಲ್ಲಿ ಅವಕಾಶವಿದೆ ನಿಜ, ಆದರೆ ಅದನ್ನು ವಾದಿಸಿ ಗೆಲ್ಲುವುದಕ್ಕಿಂತ ಹತ್ತು ಹೆಸರು ತೋರಿಸುವುದು ಸುಲಭ. ಕೋಡ್ ಬರೆಯುವುದೇ ಇಷ್ಟವಾದ ಎಷ್ಟೋ ಜನ ಮ್ಯಾನೇಜರ್ ಹುದ್ದೆಯ ಬಾಗಿಲು ತಟ್ಟುವುದಕ್ಕೆ ಇದೂ ಒಂದು ಕಾರಣ. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ, ಮಕ್ಕಳ ಓದು, ಮನೆಯ ಸಾಲ ಎಲ್ಲ ಆ ಸಾಲಿನ ಉದ್ದವನ್ನೇ ನೆಚ್ಚಿಕೊಂಡಿರುತ್ತವೆ.

ಹೀಗೆ ಮೇಲೆ ಹೋದ ಇಂಜಿನಿಯರಿಗೆ ಆಮೇಲೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮ್ಯಾನೇಜರ್ ಆದ ಮೊದಲ ತಿಂಗಳು ಎಂದುಕೊಳ್ಳಿ. ಬೆಳಗ್ಗೆ ಸ್ಟ್ಯಾಂಡಪ್, ಆಮೇಲೆ ಎರಡು ಇಂಟರ್‌ವ್ಯೂ, ಮಧ್ಯಾಹ್ನ ಮುಂದಿನ ತ್ರೈಮಾಸಿಕದ ಯೋಜನೆ, ಸಂಜೆ ಅಮೆರಿಕದವರು ಎದ್ದ ಮೇಲೆ ಅವರ ಜೊತೆ ಕಾಲ್. ಇದರ ನಡುವೆ ತಂಡಕ್ಕೆ ಬಂದು ಎಂಟು ತಿಂಗಳಾದ ಹುಡುಗಿಯೊಬ್ಬಳು ತಾನು ಬರೆದ ಕೋಡನ್ನು ಪರಿಶೀಲನೆಗೆ ಕಳಿಸಿದ್ದಾಳೆ. ಹಣ ಕಡಿತದ ಕೋರಿಕೆಗೆ ಸರ್ವರ್‌ನಿಂದ ಉತ್ತರ ಬರದಿದ್ದರೆ ಅದೇ ಕೋರಿಕೆಯನ್ನು ಮೂರು ಸಲ ಮತ್ತೆ ಕಳಿಸುವ ಹತ್ತಿಪ್ಪತ್ತು ಸಾಲು. ಈತನ ಕಣ್ಣಿಗೆ ದೋಷ ತಕ್ಷಣ ಬೀಳುತ್ತದೆ: ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಇಲ್ಲ. ಹಣ ಕಡಿತವಾಗಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದ್ದರೆ ಗ್ರಾಹಕನ ಖಾತೆಯಿಂದ ಎರಡನೆಯ ಸಲವೂ ಹಣ ಹೋಗುತ್ತದೆ. ಈಗ ಅವನ ಮುಂದೆ ಎರಡು ದಾರಿ. ‘ಹಣ ಹೋಗಿ ಉತ್ತರ ಬರದಿದ್ದರೆ ಏನಾಗುತ್ತೆ, ಯೋಚನೆ ಮಾಡು’ ಎಂದು ಒಂದು ಸಾಲು ಬರೆದು ನಾಳೆಯವರೆಗೆ ಕಾಯುವುದು ಒಂದು. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೆದು ತಾನೇ ತಿದ್ದಿ ಸೇರಿಸಿಬಿಡುವುದು ಇನ್ನೊಂದು. ಇಡೀ ದಿನ ಮೀಟಿಂಗಿನಲ್ಲಿ ಕೂತು, ಏನೂ ಮಾಡಲಿಲ್ಲವಲ್ಲ ಎಂಬ ಅಳುಕು ಹತ್ತಿದವನಿಗೆ ಎರಡನೆಯದು ಎಷ್ಟು ಹಿತವೆಂದು ಹೇಳಬೇಕಾಗಿಲ್ಲ. ಅವನು ತಿದ್ದುತ್ತಾನೆ. ಕೋಡ್ ನಿಜಕ್ಕೂ ಚೆನ್ನಾಗಿಯೇ ಆಗುತ್ತದೆ. ಮೂರನೆಯ ಸಲ ಹೀಗಾದ ಮೇಲೆ ಹುಡುಗಿ ಅರ್ಧ ಬೆಂದ ಕೆಲಸವನ್ನೇ ಕಳಿಸಲು ಶುರುಮಾಡುತ್ತಾಳೆ, ಹೇಗೂ ಸರ್ ನೋಡ್ಕೋತಾರೆ. ವರ್ಷದ ಕೊನೆಗೆ ಅವಳಿಗೆ ‘ಸ್ವತಂತ್ರವಾಗಿ ಯೋಚಿಸುವುದಿಲ್ಲ’ ಎಂಬ ಷರಾ ಬೀಳುತ್ತದೆ. ಬರೆಯುವಾತ ಈತನೇ.

ಇಲ್ಲಿ ಯಾರೂ ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಹತ್ತು ವರ್ಷ ಯಾವ ಗುಣಕ್ಕೆ ಶಹಬ್ಬಾಸ್ ಸಿಕ್ಕಿತ್ತೋ, ಅಂದರೆ ದೋಷ ಕಂಡ ತಕ್ಷಣ ಕೈಹಾಕಿ ಸರಿಮಾಡುವ ಗುಣ, ಅದೇ ಈಗ ತಂಡವನ್ನು ಕುಂಠಿತ ಮಾಡುತ್ತಿದೆ. ಮದುವೆ ಮನೆಯಲ್ಲಿ ಸಾರು ಅದ್ಭುತವಾಗಿ ಮಾಡಿದರೆಂದು ಅಡುಗೆ ಭಟ್ಟರನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಜರಿ ಪಂಚೆ ಉಡಿಸಿ, ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಲ್ಲಿಸಿದರೆ ಏನಾಗುತ್ತದೋ ಅದು. ಅತಿಥಿಗಳನ್ನು ಎದುರುಗೊಳ್ಳುವುದೂ ಕೆಲಸವೇ, ಅದಕ್ಕೂ ಒಂದು ಕಲೆ ಬೇಕು. ಭಟ್ಟರ ಮನಸ್ಸು ಮಾತ್ರ ಒಗ್ಗರಣೆಯ ವಾಸನೆಯ ಕಡೆಗೇ ಇರುತ್ತದೆ.

ಕೆನಡಾದ ಲಾರೆನ್ಸ್ ಪೀಟರ್ ಮತ್ತು ರೇಮಂಡ್ ಹಲ್ 1969ರಲ್ಲಿ ಒಂದು ಪುಸ್ತಕ ಬರೆದು, ಪ್ರತಿಯೊಬ್ಬ ನೌಕರನೂ ತನಗೆ ಮಾಡಲಾಗದ ಕೆಲಸ ಸಿಗುವವರೆಗೂ ಬಡ್ತಿ ಪಡೆಯುತ್ತಾನೆ, ಅಲ್ಲಿ ನಿಲ್ಲುತ್ತಾನೆ ಎಂದರು. ಅದು ತಮಾಷೆಯ ಪುಸ್ತಕ, ಹಾಗಾಗಿ ಬಹಳ ಕಾಲ ತಮಾಷೆಯಾಗಿಯೇ ಉಳಿಯಿತು. ಐವತ್ತು ವರ್ಷದ ಮೇಲೆ, 2019ರಲ್ಲಿ, ಅಲನ್ ಬೆನ್ಸನ್, ಡೇನಿಯಲ್ ಲೀ, ಕೆಲ್ಲಿ ಶೂ ಎಂಬ ಮೂವರು ಸಂಶೋಧಕರು ನೂರಕ್ಕೂ ಹೆಚ್ಚು ಅಮೆರಿಕನ್ ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆ ತೆಗೆದು ಲೆಕ್ಕ ಹಾಕಿದರು. ಹೆಚ್ಚು ಮಾರಿದವರಿಗೆ ಮ್ಯಾನೇಜರ್ ಆಗುವ ಅವಕಾಶ ಹೆಚ್ಚು. ಆದರೆ ಮ್ಯಾನೇಜರ್ ಆದ ಮೇಲೆ ಅಂಥವರ ಕೆಳಗಿದ್ದವರ ಮಾರಾಟ ಉಳಿದ ತಂಡಗಳಿಗಿಂತ ಕಡಿಮೆ. ಇತರರ ಜೊತೆ ಸೇರಿ ವ್ಯವಹಾರ ಕುದುರಿಸಿ, ಶ್ರೇಯಸ್ಸನ್ನು ಹಂಚಿಕೊಂಡ ರೂಢಿಯಿದ್ದವರು ಒಳ್ಳೆಯ ಮ್ಯಾನೇಜರುಗಳಾದರು. ಬಡ್ತಿ ಕೊಡುವಾಗ ಕಂಪನಿಗಳು ನೋಡಿದ್ದು ಮಾತ್ರ ಒಬ್ಬೊಬ್ಬರ ಸ್ವಂತ ಅಂಕಿ. ಮಾರಾಟಕ್ಕೂ ಇಂಜಿನಿಯರಿಂಗಿಗೂ ಎತ್ತಣಿಂದೆತ್ತ ಸಂಬಂಧ ಎಂದು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿ. ಮಾರಾಟದಲ್ಲಿ ಪ್ರತಿಯೊಬ್ಬರ ಗಳಿಕೆ ರೂಪಾಯಿಯಲ್ಲಿ ಸಿಗುತ್ತದೆ, ಕೋಡಿನಲ್ಲಿ ಸಿಗುವುದಿಲ್ಲ, ಆದ್ದರಿಂದಲೇ ಸಂಶೋಧಕರು ಮಾರಾಟವನ್ನು ಆರಿಸಿಕೊಂಡದ್ದು. ಆದರೆ ಇದರಿಂದ ನಮ್ಮ ಪರಿಸ್ಥಿತಿ ಉತ್ತಮವಾಗುವುದಿಲ್ಲ. ಅಳತೆ ಸ್ಪಷ್ಟವಾಗಿರುವ ಕಡೆಯೇ ಕಂಪನಿಗಳು ಹೀಗೆ ಎಡವುತ್ತಿದ್ದರೆ, ಯಾರು ಎಷ್ಟು ಮಾಡಿದರೆಂಬುದು ಪಕ್ಕದ ಕುರ್ಚಿಯವರಿಗೂ ಪೂರ್ತಿ ಗೊತ್ತಾಗದ ಇಂಜಿನಿಯರಿಂಗ್ ತಂಡದಲ್ಲಿ ಎಡವದೆ ಇರುತ್ತವೆ ಎಂದು ನಂಬುವುದಕ್ಕೆ ಕಾರಣ ಕಾಣುವುದಿಲ್ಲ.

ಇಷ್ಟು ಓದಿದ ಇಂಜಿನಿಯರುಗಳು ಹಿಗ್ಗುವುದು ನನಗೆ ಗೊತ್ತು. ಮ್ಯಾನೇಜರುಗಳೇ ಬೇಡ, ನಾವೇ ನೋಡಿಕೊಳ್ಳುತ್ತೇವೆ ಎನ್ನುವುದು ಕ್ಯಾಂಟೀನಿನ ಫಿಲ್ಟರ್ ಕಾಫಿಯಷ್ಟೇ ಹಳೆಯ ಮಾತು. ಇದನ್ನು ಗೂಗಲ್ 2002ರಲ್ಲಿ ಮಾಡಿಯೇ ನೋಡಿತು. ಇಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗಳನ್ನು ತೆಗೆದುಹಾಕಿತು. ಕೆಲವೇ ತಿಂಗಳಲ್ಲಿ ಪ್ರಯೋಗ ಮುಗಿಯಿತು, ಏಕೆಂದರೆ ಖರ್ಚಿನ ಬಿಲ್ಲು, ಇಬ್ಬರ ನಡುವಿನ ಮನಸ್ತಾಪ ಎಲ್ಲವೂ ಸಂಸ್ಥಾಪಕ ಲ್ಯಾರಿ ಪೇಜ್ ಅವರ ಬಾಗಿಲಿಗೇ ಬರತೊಡಗಿದವು. ಅದೇ ದಶಕದ ಕೊನೆಯಲ್ಲಿ ಆ ಕಂಪನಿ ತನ್ನ ಅಂಕಿಅಂಶ ತಜ್ಞರನ್ನು ಕೂಡಿಸಿ, ಒಳ್ಳೆಯ ಮ್ಯಾನೇಜರ್ ಏನು ಮಾಡುತ್ತಾನೆ ಎಂದು ಹುಡುಕಿಸಿತು. ಎಂಟು ಗುಣಗಳು ಸಿಕ್ಕವು. ಕಲಿಸುವ ಗುಣ ಮೊದಲನೆಯದು, ಪ್ರತಿಯೊಂದಕ್ಕೂ ಕೈಹಾಕದೆ ಬಿಟ್ಟುಕೊಡುವುದು ಎರಡನೆಯದು. ತಾಂತ್ರಿಕ ಕೌಶಲ ಎಂಟನೆಯದು, ಅಂದರೆ ಕೊನೆಯದು. ಪಟ್ಟಿಯಲ್ಲಿ ಇತ್ತು ಎಂಬುದನ್ನು ಮರೆಯಬಾರದು, ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಕೋಡ್ ಬರೆಯದ ಮ್ಯಾನೇಜರ್ ದಿನವಿಡೀ ಮಾಡುವ ಕೆಲಸವಾದರೂ ಏನು? ಅದರ ಫಲ ಸಾಮಾನ್ಯ ದಿನಗಳಲ್ಲಿ ಕಾಣಿಸುವುದಿಲ್ಲ, ಕಂಪನಿಗೆ ಬೆಂಕಿ ಬಿದ್ದ ದಿನ ಕಾಣಿಸುತ್ತದೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯ ಇಂಜಿನಿಯರೊಬ್ಬರು ಡೇಟಾಬೇಸಿನ ನಕಲು ಪ್ರತಿಯನ್ನು ಅಳಿಸುತ್ತಿದ್ದೇನೆ ಎಂದುಕೊಂಡು ಅಸಲನ್ನೇ ಅಳಿಸಲು ಶುರುಮಾಡಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದಿದ್ದು ನಾಲ್ಕೂವರೆ. ಬ್ಯಾಕಪ್ ತೆಗೆಯಲು ಹೋದರೆ, ಇವೆ ಎಂದು ನಂಬಿಕೊಂಡಿದ್ದ ಐದು ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಬ್ಯಾಕಪ್ ವಿಫಲವಾದಾಗ ಎಚ್ಚರಿಸಬೇಕಿದ್ದ ಇಮೇಲುಗಳು ತಿರಸ್ಕೃತವಾಗುತ್ತಿದ್ದವು, ಯಾರಿಗೂ ತಲುಪುತ್ತಲೇ ಇರಲಿಲ್ಲ. ಆರು ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿದ್ದರಿಂದ ಕಂಪನಿ ಉಳಿಯಿತು. ಮರುಸ್ಥಾಪನೆಯ ಕೆಲಸವನ್ನು ಅವರು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಆಮೇಲೆ ಹೊರಬಂದ ವರದಿಯಲ್ಲಿ ಆ ಇಂಜಿನಿಯರ್ ‘ತಂಡದ ಸದಸ್ಯ ಒಂದು’ ಮಾತ್ರ, ಹೆಸರಿಲ್ಲ. ಕೆಲಸವೂ ಹೋಗಲಿಲ್ಲ. ಬ್ಯಾಕಪ್ಪಿನ ಹೊಣೆ ಇಂಥವರದೇ ಎಂದು ಗೊತ್ತುಮಾಡಿರಲಿಲ್ಲ ಎಂಬುದನ್ನು ವರದಿ ಬಿಚ್ಚಿ ಹೇಳಿತು. ಇದನ್ನು ನಮ್ಮ ಅನೇಕ ಕಚೇರಿಗಳ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಮೊದಲು ಏಳುವ ಪ್ರಶ್ನೆ ‘ಯಾರು ಮಾಡಿದ್ದು?’ ಎಂಬುದು. ಉತ್ತರ ಸಿಕ್ಕ ಕೂಡಲೇ ತನಿಖೆ ಮುಗಿಯುತ್ತದೆ, ತಲುಪದ ಇಮೇಲು ತಲುಪದೆ ಹಾಗೆಯೇ ಇರುತ್ತದೆ. ಅಸಲನ್ನು ಅಳಿಸಿದ್ದು ನಾನೇ ಎಂದು ರಾತ್ರಿ ಹನ್ನೊಂದಕ್ಕೆ ಒಬ್ಬಾತ ತಕ್ಷಣ ಬಾಯಿಬಿಡುವಂಥ ವಾತಾವರಣ ತಂತಾನೇ ಬರುವುದಿಲ್ಲ. ಯಾರೋ ವರ್ಷಗಟ್ಟಲೆ, ಸಣ್ಣ ಸಣ್ಣ ತಪ್ಪುಗಳ ಮುಂದೆ ಮುಖ ಗಂಟು ಹಾಕಿಕೊಳ್ಳದೆ, ಅದನ್ನು ಕಟ್ಟಿರಬೇಕು. ಮ್ಯಾನೇಜರ್ ಮಾಡುವ ಕೆಲಸ ಇದು. ಇದಕ್ಕೂ ಚುರುಕಾಗಿ ಕೋಡ್ ಬರೆಯುವುದಕ್ಕೂ ಸಂಬಂಧ ಕಡಿಮೆ.

ಈಗ ಎಂಟನೆಯ ಗುಣಕ್ಕೆ ಬರೋಣ, ಏಕೆಂದರೆ ನನ್ನ ವಾದಕ್ಕೆ ಅತಿ ಬಲವಾದ ಪೆಟ್ಟು ಬೀಳುವುದು ಅಲ್ಲೇ. ಕೆಲಸ ಗೊತ್ತಿಲ್ಲದ ಮೇಲಧಿಕಾರಿಯನ್ನು ಯಾವ ಇಂಜಿನಿಯರೂ ಸಹಿಸುವುದಿಲ್ಲ. ‘ಒಂಬತ್ತು ಹೆಂಗಸರನ್ನು ಹಾಕಿದರೆ ಮಗು ಒಂದೇ ತಿಂಗಳಿಗೆ ಬರುತ್ತಾ?’ ಎಂಬ ಜೋಕು ಹುಟ್ಟಿದ್ದೇ ಅಂಥವರ ಕೈಯಲ್ಲಿ ನರಳಿದವರಿಂದ. ಇದು ಬರೀ ಗೊಣಗಾಟ ಕೂಡ ಅಲ್ಲ. ಬೆಂಜಮಿನ್ ಆರ್ಟ್ಸ್, ಅಮಾಂಡಾ ಗುಡಾಲ್, ಆಂಡ್ರ್ಯೂ ಆಸ್ವಾಲ್ಡ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕ ಮತ್ತು ಬ್ರಿಟನ್ನಿನ ಸುಮಾರು 35,000 ನೌಕರರ ಮಾಹಿತಿ ನೋಡಿ, ಬಾಸ್ ಆದವನಿಗೆ ಕೆಲಸ ಚೆನ್ನಾಗಿ ಗೊತ್ತಿದ್ದರೆ, ಬೇಕೆಂದರೆ ತಾನೇ ಆ ಕೆಲಸ ಮಾಡಬಲ್ಲವನಾಗಿದ್ದರೆ, ಕೆಳಗಿನವರು ಹೆಚ್ಚು ತೃಪ್ತಿಯಿಂದ ಇರುತ್ತಾರೆ ಎಂದು ತೋರಿಸಿದ್ದಾರೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಂಬಿಎ ಮುಗಿಸಿ ನೇರ ಬಂದು ‘ಇದು ಸಣ್ಣ ಚೇಂಜ್ ತಾನೆ, ಎರಡು ದಿನ ಸಾಕಲ್ವಾ’ ಎನ್ನುವವರಿಗಾಗಿ ನಾನು ವಕಾಲತ್ತು ವಹಿಸುತ್ತಿಲ್ಲ. ಆದರೆ ಆ ಅಧ್ಯಯನ ಕೇಳುವುದು ಬಲ್ಲವರನ್ನು. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವರನ್ನೇ ಎಬ್ಬಿಸಿ ತನ್ನಿ ಎಂದು ಅದು ಎಲ್ಲೂ ಹೇಳಿಲ್ಲ. ಎಂಟು ಜನರ ತಂಡದಲ್ಲಿ ಕೆಲಸ ಬಲ್ಲವರು ಆರು ಜನ ಇರುತ್ತಾರೆ. ಅವರಲ್ಲಿ ಕಲಿಸುವ ತಾಳ್ಮೆಯಿರುವವರು, ಕೇಳಿಸಿಕೊಳ್ಳುವವರು ಯಾರು ಎಂದು ಹುಡುಕುವ ಬದಲು ಮೊದಲ ರ‍್ಯಾಂಕಿನವರನ್ನೇ ಎತ್ತಿ ಕೂರಿಸುವುದು ನಮ್ಮ ಚಾಳಿ. ರ‍್ಯಾಂಕಿನ ಮೋಹ ನಮಗೆ ಎಸ್ಸೆಸ್ಸೆಲ್ಸಿಯಿಂದಲೇ ಅಂಟಿದ್ದು.

ಬಲ್ಲವರಾಗಿದ್ದೂ ಕೈಹಾಕದೆ ಇರುವುದು ಹೇಗೆ ಎಂಬುದಕ್ಕೆ ಬೆಂಗಳೂರಿನಲ್ಲೇ ಒಬ್ಬರು ಇದ್ದರು. ಸತೀಶ್ ಧವನ್ ಅವರು ದೇಶದ ಮೊದಲ ಶಬ್ದಾತೀತ ಗಾಳಿ ಸುರಂಗವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದವರು, ಗಾಳಿಯ ಹರಿವಿನ ಶಾಸ್ತ್ರದಲ್ಲಿ ದೊಡ್ಡ ಹೆಸರು. 1972ರಲ್ಲಿ ಇಸ್ರೊ ಅಧ್ಯಕ್ಷರಾದ ಮೇಲೂ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಮುಂದುವರಿದರು. 1979ರ ಆಗಸ್ಟಿನಲ್ಲಿ ಎಸ್‌ಎಲ್‌ವಿ-3 ರಾಕೆಟ್ಟು ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತದ್ದು ಧವನ್, 1980ರ ಜುಲೈನಲ್ಲಿ ಗೆದ್ದಾಗ ಅವರು ಮುಂದಕ್ಕೆ ಕಳಿಸಿದ್ದು ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು. ಕಲಾಂ ಇದನ್ನು ವೇದಿಕೆಯಿಂದ ವೇದಿಕೆಗೆ ಹೇಳಿ, ಈಗ ಪ್ರತಿ ಕಾರ್ಪೊರೇಟ್ ತರಬೇತಿಯ ಮೊದಲ ಸ್ಲೈಡು ಅದೇ ಆಗಿದೆ. ಆ ಸ್ಲೈಡಿನಲ್ಲಿ ಧವನ್ ಅವರ ದೊಡ್ಡತನ ಮಾತ್ರ ಕಾಣುತ್ತದೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಆ ಎರಡು ದಿನಾಂಕಗಳ ನಡುವಿನ ಹನ್ನೊಂದು ತಿಂಗಳು. ಸೋತ ಯೋಜನಾ ನಿರ್ದೇಶಕರನ್ನು ಬದಲಿಸಲಿಲ್ಲ. ಇವರಿಂದಾಗದು, ನಾನೇ ಕೂತು ಸರಿಮಾಡುತ್ತೇನೆ ಎನ್ನಲಿಲ್ಲ. ಗಾಳಿ, ವೇಗ, ಒತ್ತಡಗಳನ್ನು ಅರೆದು ಕುಡಿದವರಿಗೆ ಆ ಆಸೆ ಬರಲಿಲ್ಲ ಎಂದು ಹೇಳುವುದು ಕಷ್ಟ. ಮೇಲೆ ಹೇಳಿದ ಪರಿಶೀಲನೆಗೆ ಬಂದ ಕೋಡನ್ನು ರಾತ್ರಿ ತಿದ್ದದೆ ಬಿಡುವ ಸಂಯಮ, ರಾಕೆಟ್ಟಿನ ಅಳತೆಗೆ ಬೆಳೆದರೆ, ಹೀಗಿರುತ್ತದೆ.

ಪರಿಹಾರವೇನು ಎಂಬುದನ್ನು ಫ್ರೆಡ್ ಬ್ರೂಕ್ಸ್ ಎಂಬಾತ 1975ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಐಬಿಎಂ ಕಂಪನಿಯಲ್ಲಿ ಓಎಸ್/360 ಎಂಬ ಭಾರೀ ಸಾಫ್ಟ್‌ವೇರಿನ ಯೋಜನೆ ನಡೆಸಿ, ಅದು ತಡವಾದ ಪಾಠಗಳನ್ನೆಲ್ಲ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಹಂಚಿಕೊಂಡವರು ಅವರು. ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂಬ ಅವರ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಪುಸ್ತಕದಲ್ಲಿ ತಾಂತ್ರಿಕ ಏಣಿ, ಆಡಳಿತದ ಏಣಿ ಎರಡೂ ಸಮವಾಗಿರಬೇಕು ಎಂದದ್ದನ್ನು ಕೆಲವರು ನೆನೆಯುತ್ತಾರೆ. ಅದರ ಮುಂದಿನ ಮಾತನ್ನು ಬಹುಮಟ್ಟಿಗೆ ಯಾರೂ ನೆನೆಯುವುದಿಲ್ಲ: ತಾಂತ್ರಿಕ ಹುದ್ದೆಯಿಂದ ಸಮಾನ ದರ್ಜೆಯ ಮ್ಯಾನೇಜರ್ ಹುದ್ದೆಗೆ ಹೋಗುವವರಿಗೆ ಸಂಬಳ ಏರಿಸಲೇಬಾರದು, ಅದನ್ನು ಬಡ್ತಿ ಎಂದು ಪ್ರಕಟಿಸಬಾರದು, ಅಲ್ಲಿಂದ ವಾಪಸು ಬರುವವರಿಗೆ ಮಾತ್ರ ಸಂಬಳ ಏರಿಸಬೇಕು. ಸುತ್ತಲಿನ ಸಮಾಜ ಮ್ಯಾನೇಜರಿಗೆ ತಾನಾಗಿಯೇ ತೂಕ ಕೊಡುವುದರಿಂದ ತಕ್ಕಡಿಯ ಇನ್ನೊಂದು ತಟ್ಟೆಗೆ ಸ್ವಲ್ಪ ಹೆಚ್ಚೇ ಹಾಕಬೇಕು ಎಂಬುದು ಅವರ ಲೆಕ್ಕ. ಅವರ ಕಂಪನಿ ಆ ಹೊತ್ತಿಗಾಗಲೇ, 1962ರಲ್ಲಿ, ಐಬಿಎಂ ಫೆಲೋ ಎಂಬ ಅತ್ಯುನ್ನತ ತಾಂತ್ರಿಕ ಸ್ಥಾನವನ್ನು ಸೃಷ್ಟಿಸಿತ್ತು.

ಎರಡು ಏಣಿ ಈಗ ಬೆಂಗಳೂರಿನಲ್ಲೂ ಇವೆಯಲ್ಲ, ಸ್ಟಾಫ್ ಇಂಜಿನಿಯರ್, ಪ್ರಿನ್ಸಿಪಲ್ ಇಂಜಿನಿಯರ್ ಎಲ್ಲ ಆಗುತ್ತಿದ್ದಾರಲ್ಲ ಎನ್ನಬಹುದು. ಇವೆ, ಅದರಲ್ಲೂ ಸ್ವಂತ ಉತ್ಪನ್ನ ಮಾಡುವ ಕಂಪನಿಗಳಲ್ಲಿ. ಆದರೆ ಏಣಿ ಇದೆಯೇ ಎಂದು ನೋಡಲು ಎಚ್‌ಆರ್ ಕೊಡುವ ಬಣ್ಣದ ಕೈಪಿಡಿ ಸಾಲದು. ಮೇಲಿನ ಎರಡು ಮೆಟ್ಟಿಲುಗಳಲ್ಲಿ ಎಷ್ಟು ಜನ ನಿಂತಿದ್ದಾರೆ ಎಂದು ಎಣಿಸಬೇಕು. ಇಪ್ಪತ್ತು ನಿರ್ದೇಶಕರಿರುವ ಕಚೇರಿಯಲ್ಲಿ ಅವರ ದರ್ಜೆಯ ಇಂಜಿನಿಯರ್ ಒಬ್ಬರೋ ಇಬ್ಬರೋ ಇದ್ದರೆ ಆ ಏಣಿ ಗೋಡೆಗೆ ಬರೆದ ಚಿತ್ರ. ಇನ್ನೂ ಒಂದು ಪರೀಕ್ಷೆ ಇದೆ. ಮುಂದಿನ ವರ್ಷ ಏನು ಕಟ್ಟಬೇಕು, ಏನು ಬಿಡಬೇಕು ಎಂದು ತೀರ್ಮಾನವಾಗುವ ಕೋಣೆಗೆ ಆ ಪ್ರಿನ್ಸಿಪಲ್ ಇಂಜಿನಿಯರಿಗೆ ಕರೆ ಬರುತ್ತದೆಯೇ, ಅಥವಾ ತೀರ್ಮಾನವಾದ ಮೇಲೆ ‘ಇದು ಸಾಧ್ಯವೇ ನೋಡಿ’ ಎಂದು ಮೇಲ್ ಬರುತ್ತದೆಯೇ? ಜನರನ್ನು ಆಳುವ ಆಸೆಯೇ ಇಲ್ಲದ ಎಷ್ಟೋ ಇಂಜಿನಿಯರುಗಳು ಆ ಕೋಣೆಯೊಳಗೆ ಹೋಗುವುದಕ್ಕೆಂದೇ ಮ್ಯಾನೇಜರುಗಳಾಗುತ್ತಾರೆ. ಕೋಣೆಯ ಬಾಗಿಲನ್ನು ಇನ್ನೊಂದು ಕಡೆಯಿಂದಲೂ ತೆರೆದರೆ ಅರ್ಧ ಸಮಸ್ಯೆ ಅಲ್ಲೇ ಕರಗೀತು. ಸೇವಾ ಕಂಪನಿಗಳಿಗೆ ಇದು ಕಷ್ಟ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ತಾಸಿಗೆ ಇಷ್ಟು ಎಂದು ಮಾರುವವರೆಗೂ ಪಿರಮಿಡ್ಡು ತಪ್ಪುವುದಿಲ್ಲ. ಕೆಲಸಕ್ಕೆ ಇಷ್ಟು ಎಂದು ಮಾರುವ ಒಪ್ಪಂದಗಳಲ್ಲಿ ಮಾತ್ರ, ಹತ್ತು ಹೊಸಬರು ತಿಂಗಳು ಒದ್ದಾಡುವುದನ್ನು ವಾರದಲ್ಲಿ ಮುಗಿಸುವ ಅನುಭವಿಗೆ ಬೆಲೆ ಬರುತ್ತದೆ.

ಒಳ್ಳೆಯ ಮ್ಯಾನೇಜರ್ ಆಗಬಲ್ಲವರು ತಂಡದಲ್ಲಿ ಆಗಲೇ ಇದ್ದು ಯಾರ ಕಣ್ಣಿಗೂ ಬೀಳದಿರುವುದು ಇದರ ಇನ್ನೊಂದು ಮುಖ. ಹೊಸಬರಿಗೆ ಮೊದಲ ವಾರ ಎಲ್ಲ ತೋರಿಸಿಕೊಡುವುದು, ಮೀಟಿಂಗಿನಲ್ಲಿ ಆದ ತೀರ್ಮಾನ ಬರೆದಿಡುವುದು, ಎರಡು ತಂಡಗಳು ಒಂದೇ ಕೆಲಸವನ್ನು ಬೇರೆ ಬೇರೆಯಾಗಿ ಮಾಡುತ್ತಿವೆ ಎಂದು ಪತ್ತೆ ಹಚ್ಚಿ ಕೂಡಿಸುವುದು ಎಲ್ಲವನ್ನೂ ಯಾರೋ ಒಬ್ಬರು ಮಾಡುತ್ತಿರುತ್ತಾರೆ. ಆ ಒಬ್ಬರು ಹೆಚ್ಚಾಗಿ ಹೆಂಗಸರೇ ಆಗಿರುವುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಬಡ್ತಿಯ ಹೊತ್ತಿಗೆ ‘ಕೋಡ್ ಕಡಿಮೆ ಬರೆದಿದ್ದೀರಲ್ಲ’ ಎಂದು ಅವರನ್ನು ಹಿಂದಕ್ಕೆ ತಳ್ಳಿ, ಆ ಯಾವುದನ್ನೂ ಮಾಡದೆ ಕೋಡ್ ಮಾತ್ರ ಬರೆದವರನ್ನು ತಂದು, ಇನ್ನು ಮುಂದೆ ಅದನ್ನೆಲ್ಲ ಮಾಡುವ ಹುದ್ದೆಗೆ ಕೂರಿಸುತ್ತೇವೆ. ಮಾರಾಟದ ಅಧ್ಯಯನದಲ್ಲಿ ಶ್ರೇಯಸ್ಸು ಹಂಚಿಕೊಂಡವರಿಗೆ ಆದದ್ದೂ ಇದೇ.

ವಾಪಸು ಬರುವ ದಾರಿಯ ಬಗ್ಗೆ ಈಚಿನ ವರ್ಷಗಳಲ್ಲಿ ಮಾತು ಶುರುವಾಗಿದೆ, ಆದರೆ ತಲೆಕೆಳಗಾಗಿ. 2023ರಲ್ಲಿ ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾ, ಮ್ಯಾನೇಜರುಗಳ ಪದರಗಳನ್ನು ತೆಳುಮಾಡುವುದಾಗಿ ಹೇಳಿ ಎಷ್ಟೋ ಮ್ಯಾನೇಜರುಗಳಿಗೆ ಮತ್ತೆ ನೇರ ಕೆಲಸಕ್ಕೆ ಇಳಿಯಲು ಸೂಚಿಸಿತು. ಸಾವಿರಾರು ಜನರನ್ನು ತೆಗೆಯುತ್ತಿದ್ದ ಹೊತ್ತಿನಲ್ಲೇ ಈ ಸೂಚನೆ ಬಂದದ್ದರಿಂದ ಅದು ಎಲ್ಲರ ಕಿವಿಗೂ ಹಿಂಬಡ್ತಿಯಂತೆಯೇ ಕೇಳಿಸಿತು. ಬ್ರೂಕ್ಸ್ ಕೇಳಿದ್ದು ಸಂಬಳ ಏರಿಸಿ ಕರೆತನ್ನಿ ಎಂದು. ಇಲ್ಲಿಯ ಕಂಪನಿಗಳು ಅಷ್ಟು ದೂರ ಹೋಗದಿದ್ದರೂ ಒಂದು ಸಣ್ಣ ಕೆಲಸ ಮಾಡಬಹುದು. ಮ್ಯಾನೇಜರ್ ಹುದ್ದೆಯನ್ನು ಮೊದಲ ಆರು ತಿಂಗಳು ಕಾಯಂ ಮಾಡದೆ, ಸಂಬಳ, ದರ್ಜೆ ಎರಡನ್ನೂ ಇದ್ದಲ್ಲೇ ಇಟ್ಟು, ಆಮೇಲೆ ಎರಡು ಕಡೆಯಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಲು ಬಿಡಬಹುದು. ಕೋಡಿಗೆ ಮರಳಿದವರ ಕಡತದಲ್ಲಿ ಆ ಆರು ತಿಂಗಳು ಸೋಲೆಂದು ದಾಖಲಾಗಬಾರದು ಎಂಬುದು ಒಂದೇ ಷರತ್ತು. ಆ ಷರತ್ತನ್ನು ಪಾಲಿಸುವುದು ಎಚ್‌ಆರ್ ವಿಭಾಗಕ್ಕೆ ಸುಲಭ. ಮರಳಿ ಬಂದಾತ ಮನೆಯಲ್ಲಿ ಏನು ಹೇಳಬೇಕು ಎಂಬುದು ಅದಕ್ಕಿಂತ ಕಷ್ಟದ ಪ್ರಶ್ನೆ, ಅದಕ್ಕೆ ಯಾವ ಕಂಪನಿಯ ಪಾಲಿಸಿಯಲ್ಲೂ ಉತ್ತರ ಸಿಗುವುದಿಲ್ಲ.